ಚೆನ್ ಮೆಂಗ್‌ಜಿಯಾ ನೆನಪಾದರು

ಚೀನಾದ ಶಾಂಗ್ ರಾಜವಂಶದ ಕಾಲದ ಆಮೆಚಿಪ್ಪಿನ ಫೋಟೋ ಒಂದನ್ನು ಈಗಷ್ಟೇ ನೋಡಿದೆ. ಮಳೆ ಬರುತ್ತಾ, ಬೆಳೆ ಆಗುತ್ತಾ, ರಾಣಿಯ ಹೆರಿಗೆ ಸುಸೂತ್ರವಾಗುತ್ತಾ ಅಂತ ಕೇಳಿ, ಚಿಪ್ಪಿಗೆ ಕಾವು ಕೊಟ್ಟು, ಬಿರುಕು ನೋಡಿ ಶಕುನ ಹೇಳಿ, ಕೇಳಿದ ಪ್ರಶ್ನೆಯನ್ನು ಪಕ್ಕದಲ್ಲೇ ಕೊರೆದಿಟ್ಟ ಜನ. ಮೂರು ಸಾವಿರ ವರ್ಷದ ಹಿಂದಿನ ಆ ಬರಹಕ್ಕಾಗಿ ಬದುಕು ತೇದ ಚೀನೀ ವಿದ್ವಾಂಸ ಚೆನ್ ಮೆಂಗ್‌ಜಿಯಾ ತಕ್ಷಣ ನೆನಪಾದರು.

1911ರಲ್ಲಿ ಹುಟ್ಟಿದವರು. ಮೊದಲು ಹೆಸರು ಮಾಡಿದ್ದು ಕವಿಯಾಗಿ. 1940ರ ದಶಕದಲ್ಲಿ ಅಮೆರಿಕದ ಮ್ಯೂಸಿಯಂಗಳಲ್ಲಿ, ಸಂಗ್ರಹಕಾರರ ಮನೆಗಳಲ್ಲಿ ಚೀನಾದ ಪ್ರಾಚೀನ ಕಂಚಿನ ಪಾತ್ರೆಗಳನ್ನು ಹುಡುಕಿ ಹುಡುಕಿ ದಾಖಲಿಸಿದರು. ಇಂಥ ಚಿಪ್ಪು, ಮೂಳೆಗಳ ಮೇಲಿನ ಶಕುನದ ಬರಹಗಳ ಬಗ್ಗೆ ಅವರ ದೊಡ್ಡ ಗ್ರಂಥ ಬಂದಿದ್ದು 1956ರಲ್ಲಿ.

ಮರುವರ್ಷ, ಚೀನೀ ಲಿಪಿಯನ್ನು ಸರಳಗೊಳಿಸುವ ಸರ್ಕಾರದ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದರು. 'ಬಲಪಂಥೀಯ' ಅನ್ನೋ ಹಣೆಪಟ್ಟಿ ಬಿತ್ತು, ಹಳ್ಳಿಗೆ ದುಡಿಯೋಕೆ ಕಳಿಸಿದರು. ಅಮೆರಿಕದ ಆ ಕಂಚುಗಳ ಪುಸ್ತಕ 1962ರಲ್ಲಿ ಅಚ್ಚಾದಾಗ ಅದರ ಮೇಲೆ ಅವರ ಹೆಸರೇ ಇರಲಿಲ್ಲ! ಅಂಥ ದಿನಗಳಲ್ಲೂ, ಗಾನ್ಸು ಪ್ರಾಂತದ ವುವೇಯಲ್ಲಿ ಸಿಕ್ಕ ಹಾನ್ ರಾಜವಂಶದ ಕಾಲದ, ಬರಹವಿದ್ದ ಮರದ ಪಟ್ಟಿಗಳನ್ನು ಕೂತು ಓದಿ, ಕ್ರಮಕ್ಕೆ ತಂದರು. ನನ್ನನ್ನು ಹೆಚ್ಚು ಕಾಡೋದು ಇದೇ. 1966ರ ಸೆಪ್ಟೆಂಬರ್‌ನಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಹಿಂಸೆ, ಅವಮಾನ ತಾಳಲಾರದೆ ತಾವೇ ಜೀವ ಬಿಟ್ಟರು.

ಹೆಂಡತಿ ಝಾವೋ ಲುವೋರುಯಿ ಎಲ್ಲ ನುಂಗಿಕೊಂಡು ಬದುಕಿದರು. ವಾಲ್ಟ್ ವಿಟ್ಮನ್‌ನ 'ಲೀವ್ಸ್ ಆಫ್ ಗ್ರಾಸ್' ಅನ್ನು ಪೂರ್ತಿ ಚೀನೀ ಭಾಷೆಗೆ ತಂದರು. ಅದು 1991ರಲ್ಲಿ ಪ್ರಕಟವಾಯಿತು.

ಅಮೆರಿಕದ ಪತ್ರಕರ್ತ ಪೀಟರ್ ಹೆಸ್ಲರ್ ತಮ್ಮ 'ಆರಕಲ್ ಬೋನ್ಸ್' ಪುಸ್ತಕದಲ್ಲಿ ಚೆನ್ ಅವರ ಜಾಡು ಹಿಡಿದು ಹೋಗಿದ್ದಾರೆ. ಸಿಕ್ಕರೆ ದಯವಿಟ್ಟು ಓದಿ. ಓದಿದವರು ಯಾರಾದರೂ ಇದ್ದರೆ ಬರೀರಿ, ಮಾತಾಡೋಣ.