ಘಟಪ್ರಭೆಯ ದಂಡೆಯಿಂದ ಅಕ್ಕನಿಗೆ

ಘೋಡಗೇರಿ, ಜನವರಿ

ಪ್ರೀತಿಯ ಅಕ್ಕ,

 

ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ಧೂಪದಾಳ ನೋಡಿಕೊಂಡು ಇಲ್ಲಿಗೆ ಬಂದೆ. ಅಲ್ಲಿ ಬ್ರಿಟಿಷರ ಕಾಲದ ಒಡ್ಡಿನ ಹಿಂದೆ ನಿಂತ ನೀರೇ ಪಕ್ಷಿಧಾಮ. 1974ರಲ್ಲಿ ಘೋಷಿಸಿದ್ದು, ಸುಮಾರು 29 ಚದರ ಕಿಲೋಮೀಟರ್. ಗೋಕಾಕಕ್ಕೆ ಬಂದವರು ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಈ ಕಡೆ ಬರುವವರು ಕಡಿಮೆ.

ನಾನು ಹೊತ್ತು ಕಳೆದದ್ದೆಲ್ಲ ದಂಡೆಯ ಕೆಸರಿನಲ್ಲಿ. ನಿಮ್ಮ ಶರಾವತಿಯ ಅಳಿವೆಯಲ್ಲಿ ದಿನಕ್ಕೆರಡು ಸಲ ಭರತ ಇಳಿತ ಆಗಿ ಕೆಸರು ತೆರೆದುಕೊಳ್ಳುತ್ತದೆ. ಇಲ್ಲಿ ಹಾಗಲ್ಲ. ಮಳೆಗಾಲದ ನೆರೆ ಇಳಿದ ಮೇಲೆ, ಒಡ್ಡಿನಲ್ಲಿ ನೀರು ತಗ್ಗಿದಂತೆಲ್ಲ, ಒಂದೊಂದೇ ಪಟ್ಟಿಯಾಗಿ ನೆಲ ಮೇಲೇಳುತ್ತದೆ. ಆ ಹಸಿ ಪಟ್ಟಿಯಲ್ಲೇ ಹುಳುಹುಪ್ಪಟೆ, ಅಲ್ಲೇ ಹಕ್ಕಿ. ಕಣ್ಣಿನ ಸುತ್ತ ಹಳದಿ ಉಂಗುರವಿರುವ ಸಣ್ಣ ಗೊರವ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ಅದು ಬೇಟೆಯನ್ನು ಕಣ್ಣಿನಿಂದ ಹುಡುಕುವುದು, ಅದಕ್ಕೇ ಆ ನಿಲುಗಡೆ. ಬಾಲ ಕುಣಿಸುತ್ತಲೇ ನಡೆಯುವ ಗೊರವ ಇನ್ನೊಂದು. ಅದು ನಿಮ್ಮ ಕಡಲ ಬಂಡೆಗಳ ಮೇಲೂ ಇದೆ. ಮೆಟ್ಟುಗಾಲು ಹಕ್ಕಿಗಳು ಇನ್ನಷ್ಟು ಒಳಗೆ, ಮೊಣಕಾಲು ನೀರಿನಲ್ಲಿ. ಕಾಲಿನ ಉದ್ದಕ್ಕೆ ತಕ್ಕಂತೆ ಒಂದೇ ದಂಡೆಯನ್ನು ಹಂಚಿಕೊಂಡಿವೆ.

ಟಿಟ್ಟಿಭ ಮಾತ್ರ ನನ್ನನ್ನು ಕಂಡಾಗಲೆಲ್ಲ ಕೂಗಿ ಊರಿಗೆಲ್ಲ ಸಾರಿತು. ಬೇಸಿಗೆಯಲ್ಲಿ ಬರೀ ಕಲ್ಲು ನೆಲದ ಮೇಲೆ ಮೊಟ್ಟೆಯಿಟ್ಟು, ಬಿಸಿಲು ಏರಿದರೆ ಹೊಟ್ಟೆಯ ಗರಿ ನೀರಿನಲ್ಲಿ ತೋಯಿಸಿ ತಂದು ಮೊಟ್ಟೆ ತಂಪು ಮಾಡುವ ತಾಯಿ ಅದು, ತಂದೆಯೂ ಹಾಗೆಯೇ.

ಬೆಳಗಿನ ಜಾವ ದೂರದಿಂದ ಕೊಂಬೂದಿದಂಥ ದನಿ ಕೇಳಿಸಿತು. ಡೆಮೊಸೆಲ್ ಕ್ರೇನ್! ಕ್ರೌಂಚಗಳ ಬಳಗದಲ್ಲೇ ಚಿಕ್ಕವು: ಬೂದು ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ಮಂಗೋಲಿಯಾ, ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ ಹುಟ್ಟಿ, ಹಿಮಾಲಯ ದಾಟಿ ನಮ್ಮ ದೇಶಕ್ಕೆ ಬರುವಂಥವು. ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತೇ ಕಳೆದು, ಹಗಲು ಹೊಲಕ್ಕೆ ಹೋಗುತ್ತವೆ. ಅವಕ್ಕೆ ಬೇಕಾದದ್ದು ಕಟಾವಾದ ಹೊಲದ ಉದುರುಗಾಳು, ನಾಲ್ಕೂ ಕಡೆ ಕಾಣುವ ಬಯಲು.

ಅಕ್ಕ, ನನಗೆ ಚಿಂತೆಯಾದದ್ದು ಇಲ್ಲೇ. ದಾರಿಯುದ್ದಕ್ಕೂ ಕಬ್ಬು, ಕಬ್ಬಿನ ಟ್ರ್ಯಾಕ್ಟರು, ಸುಟ್ಟ ರವದಿಯ, ಅಂದರೆ ಕಬ್ಬಿನ ಒಣ ಎಲೆಯ, ವಾಸನೆ. ಆಳೆತ್ತರದ ಕಬ್ಬಿನೊಳಗೆ ಈ ಹಕ್ಕಿ ಇಳಿಯಲಾರದು. ನಡುವೆ ಉಳಿದ ಜೋಳ, ಕಡಲೆಯ ಹೊಲಗಳೇ ಅದರ ಅನ್ನದ ತಟ್ಟೆ. ರೈತನನ್ನು ದೂರಲಾರೆ, ಕಾಲುವೆ ನೀರು ಬಂದ ಮೇಲೆ ಕೈಗೆ ರೊಕ್ಕ ಕೊಡುವ ಬೆಳೆ ಅದು. ಆದರೆ ಪಕ್ಷಿಧಾಮದ ಬೋರ್ಡು ಹೊಳೆಯ ಹತ್ತಿರ ನಿಂತರೆ ಸಾಲದು. ಆ ಜೋಳ, ಕಡಲೆಯ ಹೊಲಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಕಡಲೆ ಬಿತ್ತಿದವನಿಗೆ ಹಕ್ಕಿ ತಿಂದ ಪಾಲಿನ ಹಣ ಸಿಗಬೇಕು.

ನಾಳೆ ಹಿಡಕಲ್ ಡ್ಯಾಮಿನ ಕಡೆ ಹೊರಟಿದ್ದೇನೆ. ನಿಮ್ಮ ಕಾಸರಕೋಡ ಟೊಂಕದ ಕಡಲ ದಂಡೆಗೆ ಈ ವರ್ಷ ಕಡಲಾಮೆಗಳು ಮೊಟ್ಟೆಯಿಡಲು ಬಂದವೇ? ವಿಚಾರಿಸಿ ಬರೆ. ಭಾವನವರಿಗೆ ನಮಸ್ಕಾರ.

ನಿನ್ನ ತಮ್ಮ