ಎರಡು ಬಾಕ್ಸ್ ಟೊಮ್ಯಾಟೊ, ಒಂದು ಊಟ

ಹೋದ ವಾರ ಮೋಟರ್ ರಿವೈಂಡಿಂಗ್‌ಗೆ ಕೊಟ್ಟು ರಾಬರ್ಟ್‌ಸನ್‌ಪೇಟೇಲಿ ಮೂರು ಗಂಟೆ ಕಾಯಬೇಕಾಯ್ತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಕೆಜಿಎಫ್‌ನಲ್ಲಿ ನಾನು ಊಟ ಮಾಡಿದವನಲ್ಲ. ಬುತ್ತಿ ಕಟ್ಕೊಂಡೇ ಹೋಗ್ತಿದ್ದೆ. ಅವತ್ತು ಮರೆತಿದ್ದೆ.

ಸಂದೀಲಿ ಒಂದು ತಮಿಳು ಮೆಸ್, ನಾಲ್ಕೇ ಬೆಂಚು. ಅನ್ನ, ಕಾರಕೊಳಂಬು, ಪೊರಿಯಲ್, ರಸಂ. ರಸಂ ಎರಡು ಸಲ ಕೈಗೆ ಹಾಕಿಸ್ಕೊಂಡು ಕುಡಿದೆ. ಬಡಿಸ್ತಿದ್ದ ಅಮ್ಮನ ಯಜಮಾನ್ರು ಚಾಂಪಿಯನ್ ರೀಫ್ ಗಣೀಲಿ ಇದ್ರಂತೆ, ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗೋರಿಗೆ ಇಡ್ಲಿ ಕಟ್ಟಿಕೊಡ್ತಾ ಶುರು ಮಾಡಿದ ಮೆಸ್ ಇದು.

"ಟೊಮ್ಯಾಟೊ ಏನ್ ರೇಟಮ್ಮಾ?" ಅಂದೆ.

"ಕೇಜಿ ಇಪ್ಪತ್ತು ಅಣ್ಣಾ."

ಅನ್ನ ಗಂಟಲಲ್ಲೇ ನಿಂತ್ಕೊಳ್ತು. ಅದೇ ಬೆಳಿಗ್ಗೆ ಮಂಡೀಲಿ ನನ್ನ 15 ಕೇಜಿ ಬಾಕ್ಸ್ 80 ರೂಪಾಯಿಗೆ ಹೋಗಿತ್ತು. ಕೀಳೋ ಕೂಲಿನೂ ಹುಟ್ಟಿರ್ಲಿಲ್ಲ.

ಮಾತಾಡಿ, ವಾರಕ್ಕೆರಡು ಬಾಕ್ಸ್, 180ರಂತೆ ಒಪ್ಕೊಂಡ್ವಿ. ಕಮಿಷನ್ ಇಲ್ಲ, ಕೈಗೇ ದುಡ್ಡು.

ವಾಪಸ್ ಬರ್ತಾ ಬಂಗಾರಪೇಟೇಲಿ ಪಾನಿಪುರಿನೂ ತಿಂದೆ. ಪಾನಿ ನೋಡೋಕೆ ಬರೀ ಬೋರ್‌ವೆಲ್ ನೀರು, ಬಾಯಿಗಿಟ್ರೆ ಕಣ್ಣು ಮೂಗಲ್ಲೆಲ್ಲ ನೀರು!

ಎರಡು ಬಾಕ್ಸಿಂದ ಸಾಲ ತೀರಲ್ಲ, ಗೊತ್ತು. ಆದ್ರೂ ಪೇಟೆಗೆ ಹೋದಾಗ ಒಂದ್ಸಲ ಚಿಕ್ಕ ಮೆಸ್‌ನಲ್ಲಿ ಉಂಡು, ತರಕಾರಿ ಎಲ್ಲಿಂದ ತರ್ತಾರೆ ಕೇಳಿ ನೋಡ್ರಪ್ಪಾ.