ಹೊಗೆಗೊಂದು ದಾರಿ

ನವಿ ಮುಂಬಯಿಯ ಕಳಂಬೋಲಿಯಲ್ಲಿ ಮನೆ ಮಾಡಿದವರಿಗೆ ಸದ್ದು ಹೊಸದಲ್ಲ. ಇಲ್ಲಿ ಉಕ್ಕಿನ ಮಾರುಕಟ್ಟೆಯಿದೆ, ಅದಕ್ಕೆ ಸರಕು ಹೊರುವ ಟ್ರಕ್ಕುಗಳಿವೆ, ಪುಣೆಗೆ ಹೋಗುವ ಎಕ್ಸ್‌ಪ್ರೆಸ್‌ವೇ ಹೊರಡುವುದೂ ಇಲ್ಲಿಂದಲೇ. ಸರಳು ಇಳಿಸುವ ಘಣಘಣ ನಾದಕ್ಕೆ ನಮ್ಮ ನಿದ್ದೆಗಳು ಎಂದೋ ಒಗ್ಗಿಹೋಗಿವೆ. ಅಂಥ ಊರಿನಲ್ಲೂ ನನ್ನ 2011ರ ಪೆಟ್ರೋಲ್ ಕಾರು ಒಂದು ಬೆಳಿಗ್ಗೆ ನಾಲ್ಕು ಜನ ತಿರುಗಿ ನೋಡುವ ಹಾಗೆ ಗುಡುಗಿತೆಂದರೆ ಅದರ ಪ್ರತಾಪವನ್ನು ನೀವೇ ಊಹಿಸಿಕೊಳ್ಳಿ. ನೆಲಮಹಡಿಯ ಮರಾಠಿ ಆಜಿ ಕೆಮ್ಮುತ್ತ ಎದ್ದು ಬಂದು, ಏನೂ ಅನ್ನದೆ, ಕಿಟಕಿ ಎಳೆದುಕೊಂಡರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ, ಆ ಮುಚ್ಚಿದ ಕಿಟಕಿಯನ್ನು ಮರೆಯಲಾಗಲಿಲ್ಲ.

ಕೆಮ್ಮು ಎಂದರೆ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ಅಡುಗೆಮನೆ ನೆನಪಾಗುತ್ತದೆ. ಮಳೆಗಾಲದ ಹಸಿ ಸೌದೆ, ಊದುಗೊಳವೆ ಹಿಡಿದು ಕಣ್ಣು ಕೆಂಪಾದ ಅಜ್ಜಿ, ಕರಿಹಿಡಿದ ಜಂತೆ, ಇವುಗಳ ನಡುವೆ ಕೂತೇ ನಾವು ಕಾಫಿ ಕುಡಿದವರು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡದವರು ರೂಪಿಸಿದ ಹೊಗೆರಹಿತ ಒಲೆ ಹಳ್ಳಿಹಳ್ಳಿಗೆ ಬರತೊಡಗಿತಲ್ಲ, ಅದು ನಮ್ಮ ಮನೆಗೂ ಬಂತು. ಒಲೆಯ ಹಿಂದೆ ಒಂದು ಕೊಳವೆ, ಅದು ಮಾಡು ದಾಟಿ ಮೇಲಕ್ಕೆ. ಇಷ್ಟಕ್ಕೇ ಮೊದಲಿಗಿಂತ ಕಡಿಮೆ ಸೌದೆಯಲ್ಲಿ ಅನ್ನ ಬೇಯತೊಡಗಿತು. ಅಜ್ಜಿಗೆ ಅಚ್ಚರಿಯೇನೂ ಆಗಲಿಲ್ಲ. "ಹೊಗೆಗೆ ದಾರಿ ಕೊಡದೆ ಬೆಂಕಿಗೆ ಉರಿ ಅಂದ್ರೆ ಅದು ಹ್ಯಾಗೆ ಉರಿಯುತ್ತೆ ಮಾರಾಯ?" ಎಂದಳು. ದಹನಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ.

ಕಾರಿನದೂ ಅದೇ ಕಥೆ. ಎಂಜಿನ್ ಎಂಬ ಒಲೆಯ ಹೊಗೆ ಮೊದಲು ಮ್ಯಾನಿಫೋಲ್ಡಿಗೆ, ಅಲ್ಲಿಂದ ಕ್ಯಾಟಲಿಟಿಕ್ ಕನ್ವರ್ಟರಿಗೆ, ಆಮೇಲೆ ಸೈಲೆನ್ಸರಿಗೆ, ಕೊನೆಗೆ ಬಾಲದ ಕೊಳವೆಗೆ. ಕಳಂಬೋಲಿಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಇಂಡಿ ತಾಲೂಕಿನ ಹುಡುಗ ಕಾರನ್ನು ಎತ್ತಿಸಿ, ಸೈಲೆನ್ಸರನ್ನು ಸ್ಕ್ರೂಡ್ರೈವರಿನಿಂದ ಕುಕ್ಕಿ, "ಕಾಕಾ, ಪೂರಾ ಜಂಗ ತಿಂದೈತ್ರಿ. ಬರೇ ಸ್ಟೇಷನ್ನಿಗೆ ಹೋಗಿ ಬಂದು ಮಾಡಿದ್ರ ಹಿಂಗ ಆಗತೈತಿ" ಎಂದ. ಅವನು ಹೇಳಿದ್ದು ಸರಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ದೂರ ಓಡಿದರೆ ಅದು ಆವಿಯಾಗಿ ಹೋಗುತ್ತದೆ, ಮಾನಸರೋವರ ನಿಲ್ದಾಣದವರೆಗಷ್ಟೇ ಓಡಿದರೆ ತಣ್ಣನೆಯ ಸೈಲೆನ್ಸರಿನ ಹೊಟ್ಟೆಯಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ತಿನ್ನಲು ಕೊಂಕಣದ ಮಳೆ ಇದ್ದೇ ಇದೆ.

ಮೇಲಿನ ಮನೆಯ ಕಾಲೇಜು ಹುಡುಗ ಬೇರೆ ಉಪಾಯ ತಂದ: "ಅಂಕಲ್, ದಪ್ಪ ಪೈಪ್ ಹಾಕಿಸಿ, ಕನ್ವರ್ಟರ್ ತೆಗೆಸಿಬಿಡಿ, ಪಿಕಪ್ ಬರುತ್ತೆ." ಅವನ ಉತ್ಸಾಹ ನನಗೆ ಇಷ್ಟ, ಉಪಾಯ ಅಲ್ಲ. ಪುಟ್ಟ ಎಂಜಿನ್ನಿಗೆ ದಪ್ಪ ಕೊಳವೆ ಕೊಟ್ಟರೆ ಹೊಗೆಯ ವೇಗ ತಗ್ಗುತ್ತದೆ. ಒಂದು ಉಸಿರು ಮುಂದಿನ ಉಸಿರನ್ನು ಸೆಳೆದುಕೊಂಡು ಹೋಗುವ ಜಾಡು ತಪ್ಪಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ನಮ್ಮಂಥವರಿಗೆ ಇದ್ದ ಎಳೆತವೂ ಹೋಗುತ್ತದೆ. ಕನ್ವರ್ಟರಂತೂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡು. ಇಂಗಾಲದ ಮಾನಾಕ್ಸೈಡು, ಉರಿಯದ ಇಂಧನ, ನೈಟ್ರೋಜನ್ನಿನ ಆಕ್ಸೈಡುಗಳು ಮೂರನ್ನೂ ಪಳಗಿಸುವ ವಸ್ತು. ಯೂಜೀನ್ ಹೌಡ್ರಿ ಎಂಬಾತ ಲಾಸ್ ಏಂಜಲಿಸ್‌ನ ಹೊಗೆಮಂಜಿನಿಂದ ಕಳವಳಗೊಂಡು 1950ರ ದಶಕದಲ್ಲೇ ಇಂಥದ್ದನ್ನು ಮಾಡಿದ್ದ. ಪೆಟ್ರೋಲಿನೊಳಗಿನ ಸೀಸ ಅದನ್ನು ಕೆಡಿಸುತ್ತಿತ್ತು. ನಮ್ಮಲ್ಲಿ 1995ರಲ್ಲಿ ಮುಂಬಯಿ ಸೇರಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಅದು ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲೂ ಜೊತೆಗೇ ಬಂದದ್ದು ಅದಕ್ಕೆ. ಇಷ್ಟು ಜನರ ಇಷ್ಟು ವರ್ಷಗಳ ಕಾಳಜಿಯನ್ನು ನಾನೊಬ್ಬ ಗುಜರಿಗೆ ಹಾಕುವುದೆ?

ಹಾಗಾಗಿ ಕನ್ವರ್ಟರ್ ಇದ್ದಲ್ಲೇ ಉಳಿಯಿತು. ಕೊಳವೆಯ ಅಳತೆಯೂ ಬದಲಾಗಲಿಲ್ಲ. ಬದಲಾದದ್ದು ಲೋಹ: ಸಾದಾ ಉಕ್ಕಿನ ಜಾಗಕ್ಕೆ 304 ಎಂಬ ಸ್ಟೇನ್‌ಲೆಸ್ ಉಕ್ಕು, ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ನಮ್ಮ ಅಡುಗೆಮನೆಯ ಡಬ್ಬಿಗಳೂ ಇದೇ ಕುಲದವು. ಗ್ಯಾರೇಜಿನ ಹುಡುಗ ಆಯಸ್ಕಾಂತ ಇಟ್ಟು, ಅದು ಜಾರಿ ಬಿದ್ದದ್ದನ್ನು ತೋರಿಸಿ, ಹೊಸ ಗ್ಯಾಸ್ಕೆಟ್ ಕೂಡಿಸಿ, ಜೋತುಹಾಕುವ ರಬ್ಬರುಗಳನ್ನೂ ಬದಲಿಸಿ, ಬೆಸುಗೆಯ ಸುತ್ತ ಕೈಯಾಡಿಸಿ ಎಲ್ಲೂ ಹೊಗೆ ಸೋರದ್ದನ್ನು ನೋಡಿ ಎದ್ದ. ಹೊಗೆ ತಪಾಸಣೆಯ ಪಿಯುಸಿ ಪರೀಕ್ಷೆಯಲ್ಲೂ ಕಾರು ಗೆದ್ದಿತು.

ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿ ಕಿವಿಗೊಟ್ಟೆ. ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಬಾಲದ ಕೊಳವೆಯಿಂದ ಎರಡು ಹನಿ ನೀರು ತೊಟ್ಟಿಕ್ಕಿತು. ಆಜಿ ಕಿಟಕಿಯಲ್ಲೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು; ಕಾರು ಅವರೆದುರೇ ಹಾದುಹೋಯಿತು, ಅವರು ತಲೆ ಎತ್ತಲಿಲ್ಲ.